ಬಿಸಿ ಕಷಾಯ, ನೀಲಿ ಲೋಟ

ಎಂಜಲಿನ ವಿಷಯದಲ್ಲಿ ನಮ್ಮವ್ವನಷ್ಟು ಕಟ್ಟುನಿಟ್ಟಿನವಳನ್ನು ನಾನು ನೋಡಿಲ್ಲ. ನಮ್ಮ ಮನೆಯಲ್ಲಿ ಲೋಟಕ್ಕೆ ತುಟಿ ತಾಗಿಸಿ ನೀರು ಕುಡಿಯುವಂತಿಲ್ಲ, ಎತ್ತಿಯೇ ಕುಡಿಯಬೇಕು. ಸಾರಿಗೆ ಉಪ್ಪು ಸಾಕೋ ಬೇಕೋ ನೋಡಬೇಕೆಂದರೆ ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು, ನೆಕ್ಕಿ, ಕೈ ತೊಳೆದು ಬಂದು ಆಮೇಲೆ ಸೌಟು ಮುಟ್ಟಬೇಕು. ಹುಣಸೂರಿನ ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂ ಆಗಿರುವ ನಾನು ಈಗಲೂ ಊರಿಗೆ ಹೋದಾಗ ಒಂದಲ್ಲ ಒಂದು ಸಲ ಈ ವಿಷಯಕ್ಕೆ ಬೈಸಿಕೊಂಡೇ ಬರುತ್ತೇನೆ. ಅಂಥ ಅವ್ವ ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಪಕ್ಕದ ಮನೆಯವಳ ಮುಂದೆ ಸ್ಟೀಲ್ ಲೋಟ ಹಿಡಿದು ನಿಂತು, "ಒಸಿ ಉಗಿಯೇ ಇದ್ರೊಳಕ್ಕೆ" ಎಂದು ಕೇಳಿದಳಂತೆ. ಆಕೆ ಗಾಬರಿಯಾಗಿ ನಮ್ಮಪ್ಪನನ್ನು ಕೂಗಿದಳಂತೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಹತ್ತಿರ ಸೌದೆ ಜೋಡಿಸುತ್ತಿದ್ದ ಅಪ್ಪ ತಲೆಯೂ ಎತ್ತದೆ, "ಉಗುದ್ಬುಡು ತಾಯಿ, ಇಲ್ದಿದ್ರೆ ಅವ್ಳು ಬುಡಾಕಿಲ್ಲ" ಎಂದನಂತೆ.

ಇದಕ್ಕೆಲ್ಲ ಕಾರಣ ನಾನು. ನಾನು ಮತ್ತು ಒಂದು ಚೀಲ ತಂಗಡಿ ಹೂ.

ನಮ್ಮೂರು ಹ್ಯಾಂಡ್‌ಪೋಸ್ಟ್‌ ಎಂಬ ಕೂಡುರಸ್ತೆಯಿಂದ ಒಳಗೆ, ಆಟೋದಲ್ಲಿ ಹೋದರೆ ಕಾಲು ಗಂಟೆ. ಅಪ್ಪನದು ಹೊಗೆಸೊಪ್ಪು ಮತ್ತು ರಾಗಿ. ಅವ್ವ ಹುಟ್ಟಿದ್ದು ಕೆ.ಆರ್. ನಗರದ ಕಡೆ, ನಾಲೆ ನೀರಿನ ಬಯಲಿನಲ್ಲಿ. ಮೂರು ಹೊತ್ತೂ ಅನ್ನ ತಿಂದು ಬೆಳೆದವಳು ಮದುವೆಯಾಗಿ ಮುದ್ದೆಯ ಸೀಮೆಗೆ ಬಂದಳು. ಬಂದು ನಲವತ್ತು ವರ್ಷವಾದರೂ ತಟ್ಟೆಯಲ್ಲಿ ಅನ್ನ ಕಾಣದಿದ್ದರೆ ಅವಳಿಗೆ ಊಟವಾದ ಹಾಗೆ ಆಗುವುದಿಲ್ಲ. ಹೀಗಿರುವಾಗ ಸಕ್ಕರೆ ಕಾಯಿಲೆ ಬಂತು. ವರ್ಷಗಟ್ಟಲೆ ಮಾತ್ರೆ ನುಂಗಿದಳು, ಸಕ್ಕರೆ ಮಾತ್ರ ಇಳಿಯಲಿಲ್ಲ. ಕೊನೆಗೆ ನಮ್ಮ ತಾಲ್ಲೂಕು ಕೇಂದ್ರ ಕೋಟೆಯ ಡಾಕ್ಟರಮ್ಮ ರಿಪೋರ್ಟು ಮಡಚಿಟ್ಟು ಹೇಳಿದರು: "ಅಮ್ಮಾ, ಇನ್ನು ಮೂರು ತಿಂಗಳು ನೋಡ್ತೀನಿ. ಆಗಲೂ ಹೀಗೇ ಇದ್ರೆ ಇನ್ಸುಲಿನ್ ಶುರು ಮಾಡಲೇಬೇಕು. ದಿನಾ ನೀವೇ ಚುಚ್ಚಿಕೊಳ್ಳೋದು, ನಾವು ಹೇಳಿಕೊಡ್ತೀವಿ."

ಅಲ್ಲಿಂದ ಹ್ಯಾಂಡ್‌ಪೋಸ್ಟ್ ತನಕ ಬಸ್ಸಿನಲ್ಲಿ ಬಂದೆವು. ಬಸ್ಸಿಳಿದ ಮೇಲೆ ಅವ್ವ ಸೆರಗು ಬಿಗಿಯಾಗಿ ಹೊದ್ದುಕೊಂಡು ಕೇಳಿದಳು: "ಮದ್ವೆ ಮನೇಲಿ, ನೆಂಟ್ರ ಮನೇಲಿ, ಎಲ್ರೂ ಉಣ್ಣಾಕೆ ಕೂತಿರ್ತಾರೆ. ನಾನು ಮೂಲೇಲಿ ಸೀರೆ ಸರ್ಸಿ ಒಟ್ಟೆಗೆ ಚುಚ್ಕೊಂಡು ಬರದಾ? ಅದ್ಕಿಂತ ನಾನು ಮನೆ ಬುಟ್ಟೇ ಓಗಾಕಿಲ್ಲ ಬುಡು." ನೆಂಟರಿಷ್ಟರ ಒಂದು ನಾಮಕರಣವನ್ನೂ ತಪ್ಪಿಸದ ಹೆಂಗಸು ಅವಳು. ಪಿರಿಯಾಪಟ್ಟಣದಲ್ಲಿ ಯಾರದೋ ಮನೆಯಲ್ಲಿ ತೊಟ್ಟಿಲು ಎಂದರೆ ಮೂರು ದಿನ ಮುಂಚೆಯೇ ಸೀರೆ ಆರಿಸಿಡುತ್ತಾಳೆ. ಅವಳಿಗೆ ನೋವಿನ ಭಯವಿರಲಿಲ್ಲ, ಆ ಸೂಜಿಯಿಂದ ಹೊಸ್ತಿಲ ಒಳಗೇ ಉಳಿಯಬೇಕಾದೀತೆಂಬ ಭಯ. ನಾನು, "ಮೂರು ತಿಂಗಳು ಐತಲ್ಲವ್ವ" ಎಂದೆ.

ಸುದ್ದಿ ಪಿರಿಯಾಪಟ್ಟಣದ ದೊಡ್ಡಮ್ಮನಿಗೆ ತಲುಪಿತು. ವಾರದೊಳಗೆ ಬಸ್ಸಿನವರ ಕೈಯಲ್ಲಿ ಒಂದು ಚೀಲ ಒಣಗಿದ ತಂಗಡಿ ಹೂ ಬಂತು. ನಮ್ಮ ಕಡೆ ಹೊಲದ ಬದುವಿನಲ್ಲಿ, ರಸ್ತೆ ಪಕ್ಕದ ಕೊರಕಲಿನಲ್ಲಿ ಯಾರೂ ಹಾಕದೆ, ಯಾರೂ ನೀರೆರೆಯದೆ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದಲ್ಲ, ಅದೇ ಗಿಡ. ಕೆಲವರು ಆವರಿಕೆ ಎನ್ನುತ್ತಾರೆ. ಅದರ ಕಷಾಯ ಕುಡಿದರೆ ಸಕ್ಕರೆ ಇಳಿಯುತ್ತದೆಂದು ದೊಡ್ಡಮ್ಮನ ಅಪ್ಪಣೆ. ಅವ್ವ ಮಾರನೆಯ ದಿನದಿಂದಲೇ ಕುಡಿಯಲು ಶುರುಮಾಡಿದಳು.

ಆ ಶನಿವಾರ ಹುಣಸೂರಿನಿಂದ ಮನೆಗೆ ಹೋದ ನಾನು ಚೀಲ ನೋಡಿ ರೇಗಿದೆ. ನನ್ನ ಸಿಟ್ಟು ಹಾಲಿನ ಥರ, ಉಕ್ಕುವಾಗ ಯಾರನ್ನೂ ಕೇಳುವುದಿಲ್ಲ. "ಯಾರೋ ಏನೋ ಕಳಿಸಿದ್ರೆ ಕುಡಿದುಬಿಡೋದಾ? ಅದರಲ್ಲಿ ಏನಿದೆ, ಎಷ್ಟಿದೆ, ಏನು ಮಾಡುತ್ತೆ, ಯಾರಿಗೆ ಗೊತ್ತು?" ಎಂದು ಕೂಗಾಡಿದೆ. ಅವ್ವ ರಾಗಿ ಕೇರುತ್ತಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ಮೊರ ಕೆಳಗಿಟ್ಟು, "ನೀನು ಕಾಲೇಜಲ್ಲಿ ಮಕ್ಳಿಗೆ ಯೋಳ್ಕೊಡದು ಇದ್ನೇ ತಾನೆ? ಅಂಗಾರೆ ನೋಡಿ ಯೋಳು. ಏನ್ ಮಾಡ್ತದೆ ಅಂತ ನೋಡು. ಬೈಯದು ಯಾರಿಗ್ ಬರಾಕಿಲ್ಲ?" ಎಂದಳು.

ನನ್ನ ಸಿಟ್ಟು ಜರ್ರನೆ ಇಳಿಯಿತು. ಯಾಕೆಂದರೆ ನೋಡುವುದಕ್ಕೆ ದಾರಿ ಇತ್ತು. ದಾರಿ ಇದೆ ಎಂದು ಹೊಳೆದ ಗಳಿಗೆಯಿಂದ ನಾನು ಕೂತಲ್ಲಿ ಕೂರಲಿಲ್ಲ.

ನಮ್ಮ ಬಾಯಿಯ ಎಂಜಲಿನಲ್ಲಿ ಅಮೈಲೇಸ್ ಎಂಬ ಒಂದು ಎಂಜೈಮ್ ಇದೆ. ಎಂಜೈಮಿಗೆ ಪುಸ್ತಕದ ಕನ್ನಡದಲ್ಲಿ ಕಿಣ್ವ ಎನ್ನುತ್ತಾರೆ. ಅನ್ನ, ಮುದ್ದೆ, ರೊಟ್ಟಿ ಎಲ್ಲದರಲ್ಲೂ ಇರುವ ಪಿಷ್ಟವನ್ನು ಕತ್ತರಿಸಿ ಸಕ್ಕರೆಯ ಕಡೆಗೆ ತಿರುಗಿಸುವುದು ಅದರ ಕೆಲಸ. ಹೊಟ್ಟೆಯ ಆಚೆ, ಕರುಳಿನಲ್ಲೂ ಇದೇ ಜಾತಿಯ ಕಿಣ್ವ ಇದೇ ಕೆಲಸ ಮಾಡುತ್ತದೆ. ಈ ಕತ್ತರಿಯ ವೇಗ ತಗ್ಗಿಸಿದರೆ ಊಟವಾದ ಮೇಲೆ ರಕ್ತಕ್ಕೆ ಸಕ್ಕರೆ ನುಗ್ಗುವ ಆತುರವೂ ತಗ್ಗುತ್ತದೆ. ಈ ಲೆಕ್ಕದ ಮೇಲೆಯೇ ಕೆಲಸ ಮಾಡುವ ಮಾತ್ರೆಗಳೂ ಇವೆ. ಎಷ್ಟೋ ಗಿಡಗಳ ತೊಗಟೆ, ಎಲೆ, ಹೂವಿನ ರಸಕ್ಕೂ ಅಷ್ಟಿಷ್ಟು ಈ ಗುಣ ಇರುತ್ತದೆ. ಇದನ್ನೆಲ್ಲ ಅವ್ವನಿಗೆ ಒಂದೇ ಉಸಿರಿಗೆ ಹೇಳಿದೆ. ಅವಳು, "ಅಂಗಂದ್ರೆ ಅನ್ನ ಬಾಯಲ್ಲೇ ಇಟ್ಕೊಂಡು ಅಗಿತಾ ಇದ್ರೆ ಸೀ ಆಯ್ತದಲ್ಲ, ಅದಾ?" ಎಂದಳು.

"ಅದೇ ಕಣವ್ವ! ಅದೇ!"

ನನ್ನ ಎರಡನೇ ವರ್ಷದ ಮಕ್ಕಳು ಇಷ್ಟು ಬೇಗ ಹಿಡಿದದ್ದಿಲ್ಲ.

ಭಾನುವಾರ ಬೆಳಿಗ್ಗೆ ಹ್ಯಾಂಡ್‌ಪೋಸ್ಟ್‌ಗೆ ಹೋಗಿ ಮೆಡಿಕಲ್ ಅಂಗಡಿಯಿಂದ ಗಾಯಕ್ಕೆ ಹಚ್ಚುವ ಕಂದು ಬಣ್ಣದ ಅಯೋಡಿನ್ ತಂದೆ. ಅಡುಗೆಮನೆಯಲ್ಲಿ ಎಂಜಲಿನ ಕೆಲಸ ಕೂಡದು ಎಂದು ಅವ್ವ ಪಟ್ಟು ಹಿಡಿದಳು. ಕೊನೆಗೆ ಹಿತ್ತಲಿನ ಒಗೆಯುವ ಕಲ್ಲನ್ನು ತೊಳೆದು ಕೊಟ್ಟಳು. ಗೃಹಪ್ರವೇಶಕ್ಕೆ ಯಾರೋ ಕೊಟ್ಟಿದ್ದ, ಅಲ್ಲಿಯವರೆಗೆ ಪೆಟ್ಟಿಗೆಯಿಂದಲೇ ಹೊರಬಾರದ ಗಾಜಿನ ಲೋಟಗಳು ಅಂದು ಹೊರಗೆ ಬಂದವು. ಅನ್ನ ಬಸಿದ ಗಂಜಿಯನ್ನು ಆರಿಸಿ, ನೀರು ಬೆರೆಸಿ ತೆಳ್ಳಗೆ ಮಾಡಿ, ಅಯೋಡಿನ್ ಎರಡು ತೊಟ್ಟು ಬಿಟ್ಟೆ. ಗಂಜಿ ಕಡುನೀಲಿಯಾಯಿತು. ಅವ್ವ ಹಿಂದೆ ಸರಿದಳು. ಇನ್ನೊಂದು ಲೋಟದಲ್ಲಿ ಅಷ್ಟೇ ಗಂಜಿಗೆ ನನ್ನದೇ ಎಂಜಲು ಒಂದು ಚಮಚ ಹಾಕಿ, ಹತ್ತು ನಿಮಿಷ ಬಿಟ್ಟು, ಅಯೋಡಿನ್ ತೊಟ್ಟಿಕ್ಕಿದೆ. ನೀಲಿ ಬರಲೇ ಇಲ್ಲ.

"ಎಲ್ಲೋಯ್ತು?" ಎಂದಳು ಅವ್ವ. ಬಗ್ಗಿ ಲೋಟದ ತಳ ನೋಡಿದಳು. ಇನ್ನೊಮ್ಮೆ ಮಾಡಿಸಿದಳು. ಮೂರನೇ ಸಲ, ಹೆಬ್ಬೆರಳು ತೋರುಬೆರಳಲ್ಲಿ ಸೆರಗಿನ ತುದಿ ಹಿಡಿದು, ಜೀವಮಾನದಲ್ಲೇ ಮೊದಲ ಬಾರಿಗೆ ಒಂದು ಲೋಟದೊಳಗೆ ತಾನೇ ಉಗಿದಳು. ನಾನು ನಕ್ಕು ನಕ್ಕು ಕಲ್ಲಿನ ಮೇಲೆ ಕೂತುಬಿಟ್ಟೆ.

ಬಸ್ಸಿಗೆ ಹೊರಡುವ ಮುಂಚೆ ಪಾಠ ಹೇಳಿಕೊಟ್ಟೆ. ಎರಡು ಲೋಟ ತಗೋ. ಒಂದಕ್ಕೆ ಎಂಜಲು ಮತ್ತು ಬರೀ ನೀರು. ಇನ್ನೊಂದಕ್ಕೆ ಎಂಜಲು ಮತ್ತು ಕಷಾಯ. ಐದು ನಿಮಿಷ ಬಿಡು. ಆಮೇಲೆ ಎರಡಕ್ಕೂ ಗಂಜಿ. ಹತ್ತು ನಿಮಿಷ ಬಿಟ್ಟು ಅಯೋಡಿನ್. ಕಷಾಯದ ಲೋಟ ನೀಲಿಯಾಗಿಯೇ ನಿಂತರೆ ಕತ್ತರಿ ಕೆಲಸ ಮಾಡಿಲ್ಲ, ಅಂದರೆ ತಂಗಡಿ ತಡೆದಿದೆ ಎಂದರ್ಥ. ಗಂಜಿ ಆರಿರಬೇಕು ಎಂದೂ ಹೇಳಿದೆ. ಯಾಕೆ ಆರಿರಬೇಕು ಎಂದು ಹೇಳಲಿಲ್ಲ, ಬಸ್ಸಿನ ಹೊತ್ತಾಗಿತ್ತು. ಅಂದಿನ ಕಷಾಯವನ್ನು ಅವ್ವ ಬೆಳಿಗ್ಗೆಯೇ ಕುಡಿದು ಮುಗಿಸಿದ್ದರಿಂದ ಅದೊಂದು ಪರೀಕ್ಷೆ ನನ್ನ ಕಣ್ಣೆದುರು ಆಗಲಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ ಸ್ಟಾಫ್ ರೂಮಿನಲ್ಲಿ ಫೋನು ಸದ್ದು ಮಾಡಿತು. ಅವ್ವ ಕಳಿಸಿದ ಫೋಟೋ. ಒಗೆಯುವ ಕಲ್ಲು, ಎರಡು ಲೋಟ. ಒಂದರಲ್ಲಿ ತೆಳು ಚಹಾದ ಬಣ್ಣ. ಇನ್ನೊಂದು, ತಂಗಡಿಯದು, ಕಡುನೀಲಿ. ಫೋಟೋ ಹಿಗ್ಗಿಸಿ ನೋಡಿದೆ. ನೀಲಿಯೇ. ಮಸುಕು ನೀಲಿಯಲ್ಲ, ಅನುಮಾನದ ನೀಲಿಯಲ್ಲ, ಇಂಕಿನ ಬಾಟಲಿಯ ನೀಲಿ.

ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ ರಭಸಕ್ಕೆ ಪಕ್ಕದ ಮೇಜಿನ ಹಾಜರಿ ಪುಸ್ತಕ ಕೆಳಗೆ ಬಿತ್ತು. ಕಾರಿಡಾರಿಗೆ ಓಡಿ ಫೋನು ಮಾಡಿದೆ. "ಅವ್ವಾ! ಗೆದ್ದುಬಿಡ್ತು ಕಣವ್ವ ನಿನ್ನ ತಂಗಡಿ! ಪೂರ್ತಿ ತಡೆದಿದೆ! ಇಷ್ಟು ಜೋರಾಗಿ ತಡೆಯೋದನ್ನ ನಾನು ಎಲ್ಲೂ ಓದಿಲ್ಲ!" ಕಿಟಕಿಯಲ್ಲಿ ಮಕ್ಕಳು ಇಣುಕಿದರು. ನಾನು ಲೆಕ್ಕಿಸಲಿಲ್ಲ. ಅತ್ತ ಅವ್ವನೂ ಕಿರುಚುತ್ತಿದ್ದಳು: "ನೀಲಿ ಅದೆ ಅಲ್ವಾ? ನಾನೂ ಅದ್ನೇ ನೋಡ್ದೆ! ನಿಮ್ಮಪ್ಪಂಗೂ ತೋರಿಸ್ದೆ!"

ನನ್ನ ಈ ಕುಣಿತಕ್ಕೆ ಅವ್ವನ ಸೂಜಿಯೊಂದೇ ಕಾರಣವಾಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎಂಟು ವರ್ಷದಿಂದ ನಾನು ಅತಿಥಿ ಉಪನ್ಯಾಸಕಿ. ಎಂಟು ವರ್ಷ ಬೀಡುಬಿಟ್ಟ ಅತಿಥಿ ಬೇರೆಲ್ಲೂ ಸಿಗಲಿಕ್ಕಿಲ್ಲ. ಪಿಎಚ್.ಡಿ. ಮಾಡಬೇಕೆಂದು ಮೂರು ಸಲ ಅರ್ಜಿ ಬರೆದು ಮೂರು ಸಲವೂ ಹರಿದಿದ್ದೆ. ಪ್ರತಿ ಸಲವೂ ವಿಷಯ ಬೇರೆ ಯಾರದೋ ಅನ್ನಿಸುತ್ತಿತ್ತು. ಈಗ ನನ್ನದೇ ಹಿತ್ತಲಿನಲ್ಲಿ, ನನ್ನವ್ವನ ಕೈಯಿಂದ, ಒಂದು ವಿಷಯ ಎದ್ದು ಬಂದಿತ್ತು. ಅಂದು ಸಂಜೆ ರೂಮಿನಲ್ಲಿ ಕೂತು ಔಷಧಿ ಗಿಡಗಳ ರಸ ಕಿಣ್ವದ ಮೇಲೆ ಮಾಡುವ ಪರಿಣಾಮ ಎಂದು ತಲೆಬರಹ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದೆ.

ಆಮೇಲಿನ ಎರಡು ಭಾನುವಾರ ನನಗೆ ಮೈಸೂರಿನಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸ. ಊರಿಗೆ ಹೋಗಲಾಗಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ನಾನೇ ಒಮ್ಮೆ ಮಾಡಿ ನೋಡಬಹುದಿತ್ತು. ಮಾಡಲಿಲ್ಲ. ತಲೆಬರಹವನ್ನು ಇನ್ನೂ ಚೆಂದ ಮಾಡುವುದರಲ್ಲಿ ಮುಳುಗಿಹೋಗಿದ್ದೆ. ಪರೀಕ್ಷೆಗಳನ್ನೆಲ್ಲ ಅವ್ವನೇ ಮಾಡಿದಳು. ನೇರಳೆ ಬೀಜದ ಪುಡಿ, ಅಮೃತಬಳ್ಳಿ, ಸೀಬೆ ಎಲೆ, ಹಾಗಲದ ಎಲೆ, ಒಂದೊಂದನ್ನೂ ಕುದಿಸಿ ಕಷಾಯ ಮಾಡಿ, ಒಗೆಯುವ ಕಲ್ಲಿನ ಮೇಲೆ ಪರೀಕ್ಷಿಸಿದಳು. ಕಾಕನಕೋಟೆ ಕಾಡಿನ ಅಂಚಿನಲ್ಲಿ ಮನೆಯಿರುವ ಅವಳ ಗೆಳತಿಯೊಬ್ಬಳು ತನ್ನ ಜಮೀನಿನ ಹೊನ್ನೆ ಮರದ ಚೆಕ್ಕೆ ತಂದುಕೊಟ್ಟಳು. ಅದೂ ಆಯಿತು. ತನ್ನ ಎಂಜಲು ಮಾತ್ರ ಸಾಲದು ಎಂದು ಬೇರೆಯವರದನ್ನು ಕೇಳಿ ಲೋಟ ಹಿಡಿದು ಹೊರಟದ್ದು ಆಗಲೇ. ಎಲ್ಲ ಫೋಟೋದಲ್ಲೂ ಅದೇ ಕಥೆ: ನೀರಿನ ಲೋಟ ತೆಳು, ಕಷಾಯದ ಲೋಟ ಕಡುನೀಲಿ.

ದಿನಾ ಸಂಜೆ ಫೋನು. ನಾನು ನಗುವುದು, ಅವಳು ನಗುವುದು. "ಇವತ್ತು ಯಾವುದವ್ವ?" "ಸೀಬೆ ಎಲೆ." "ನೀಲಿನಾ?" "ನೀಲಿ ಕಣೇ!" ನನ್ನ ತಲೆಬರಹದ ಕೆಳಗೆ ಒಂದಿದ್ದ ಗಿಡ ಆರಾಯಿತು. ಬುದ್ಧಿಯಿದ್ದ ಯಾರಾದರೂ ಆಗಲೇ ಕೇಳಬೇಕಿತ್ತು, ಕಂಡ ಕಂಡ ಗಿಡವೆಲ್ಲ ಒಂದೇ ಸಮ ಹೀಗೆ ಗೆಲ್ಲುವುದು ಹೇಗೆ ಎಂದು. ನಾನು ಕೇಳಲಿಲ್ಲ. ನಮ್ಮ ತಾಲ್ಲೂಕಿನ ಮಣ್ಣಿನ ಗುಣ ಎಂದುಕೊಂಡೆ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಮೂರನೇ ಭಾನುವಾರ ಬೆಳಗಿನ ಬಸ್ಸಿಗೇ ಊರಿಗೆ ಹೋದೆ. ಚೀಲದಲ್ಲಿ ಕಾಲೇಜಿನಿಂದ ಕೇಳಿ ತಂದ ಟೆಸ್ಟ್ ಟ್ಯೂಬುಗಳು, ತುಂಬಿದ ಅರ್ಜಿ. ಚಪ್ಪಲಿ ಬಿಡುವುದಕ್ಕೂ ಬಿಡದೆ ಅವ್ವ ಕೈ ಹಿಡಿದು ಹಿತ್ತಲಿಗೆ ಎಳೆದೊಯ್ದಳು. ಕಲ್ಲಿನ ಮೇಲೆ ಈ ಸಲ ಮೂರು ಲೋಟ ಇದ್ದವು. ಅವಳ ಕಣ್ಣು ಮಿನುಗುತ್ತಿತ್ತು, ಮಾತು ಮಾತ್ರ ಬಿಗಿ ಹಿಡಿದಿದ್ದಳು. "ಏನೂ ಕೇಳ್ಬ್ಯಾಡ. ಸುಮ್ಕೆ ನೋಡು" ಎಂದಳು.

ಮೂರಕ್ಕೂ ಒಂದೊಂದು ಚಮಚ ಎಂಜಲು ಹಾಕಿದಳು. ಮೊದಲನೆಯದಕ್ಕೆ ಗಡಿಗೆಯ ತಣ್ಣೀರು. ಎರಡನೆಯದಕ್ಕೆ, ಒಲೆಯ ಮೇಲೆ ಕುದಿಯುತ್ತಿದ್ದ ಬರೀ ನೀರನ್ನು ಸೌಟಿನಲ್ಲಿ ತಂದು ಹೊಯ್ದಳು. ಮೂರನೆಯದಕ್ಕೆ ತಂಗಡಿ ಕಷಾಯ. ಆದರೆ ಬೆಳಿಗ್ಗೆಯೇ ಕಾಯಿಸಿ, ಆರಲು ಬಿಟ್ಟು, ಪೂರಾ ತಣ್ಣಗಾದದ್ದು. ಗಂಜಿ ಹಾಕಿ ಕಾದೆವು. ಅಪ್ಪ ಸೌದೆ ಬಿಟ್ಟು ಬಂದು ನಿಂತ. ಅವ್ವ ಅಯೋಡಿನ್ ತೊಟ್ಟಿಕ್ಕಿದಳು.

ತಣ್ಣೀರಿನ ಲೋಟ ತೆಳುವಾಗಿಯೇ ಉಳಿಯಿತು. ತಂಗಡಿಯದು ನಸು ನೇರಳೆಗೆ ತಿರುಗಿತು, ಅಷ್ಟೇ. ಬಿಸಿನೀರಿನದು, ಒಂದು ಎಲೆಯ ರಸವೂ ಇಲ್ಲದ ಬರೀ ಬಿಸಿನೀರಿನದು, ಇಂಕಿನ ಬಾಟಲಿಯಂತೆ ಕಡುನೀಲಿಯಾಯಿತು.

ನಾನು ಆ ಲೋಟ ಮುಟ್ಟಿ ನೋಡಿದೆ, ಇನ್ನೂ ನಸು ಬೆಚ್ಚಗಿತ್ತು. ಆಗ ಅರ್ಥವಾಯಿತು. ಕಷಾಯವನ್ನು ಆರಿಸಿ ಕುಡಿಯುವುದು ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲ. ಒಲೆಯಿಂದ ಇಳಿಸಿದ ಕೂಡಲೇ, ನಾಲಿಗೆ ಸುಡುವಂತಿರುವಾಗಲೇ ಕುಡಿಯಬೇಕು, ಆರಿದರೆ ಗುಣ ಹೋಯಿತು ಎಂದೇ ಅವ್ವ ನಮ್ಮನ್ನು ಬೆಳೆಸಿದ್ದು. ಔಷಧಿಗೆ ಸಲ್ಲಬೇಕಾದ ಆ ಮರ್ಯಾದೆಯನ್ನು ಅವಳು ಲೋಟದ ಪರೀಕ್ಷೆಯಲ್ಲೂ ತಪ್ಪಿಸಿರಲಿಲ್ಲ. ಪ್ರತಿ ಸಲವೂ ಕಾದ ಕಷಾಯವನ್ನೇ ಎಂಜಲಿನ ಮೇಲೆ ಹೊಯ್ದಿದ್ದಳು. ಕಿಣ್ವ ಬಿಸಿ ತಾಳುವುದಿಲ್ಲ, ಕೆಟ್ಟುಹೋಗುತ್ತದೆ. ಅಮೈಲೇಸನ್ನು ತಡೆದದ್ದು ತಂಗಡಿಯಲ್ಲ, ನೇರಳೆಯಲ್ಲ, ಹೊನ್ನೆಯಲ್ಲ. ಒಲೆ. ನನಗೆ ಬಂದ ಫೋಟೋದಲ್ಲಿ ಬಣ್ಣ ಕಾಣುತ್ತಿತ್ತು, ಹಬೆ ಕಾಣುತ್ತಿರಲಿಲ್ಲ.

"ನಿಂಗೆ ಎಂಗೆ ಗೊತ್ತಾಯ್ತವ್ವ?" ಎಂದೆ.

ಅವ್ವ ಅದಕ್ಕೇ ಕಾಯುತ್ತಿದ್ದಳು. ಬ್ಯಾರನ್ ಕಡೆ ಕೈ ತೋರಿಸಿದಳು. "ಅಲ್ಲಿ! ಎಲ್ಲಾ ಗಿಡಾನೂ ಒಂದೇ ತರ ನೀಲಿ ಬತ್ತಾವಲ್ಲ, ಇದೇನು ಅಂತ ನಂಗೆ ಒಳ್ಗೇ ಕೊರೀತಿತ್ತು. ಬ್ಯಾರನ್ ಕಿಂಡೀಲಿ ಸೊಪ್ಪು ನೋಡ್ತಾ ನಿಂತಿದ್ದೆ. ನಿಮ್ಮಪ್ಪ ಆತ್ರ ಬಿದ್ದು ಬೆಂಕಿ ಎತ್ತಿದ್ದ. ಸೊಪ್ಪು ಅಸ್ರಾಗೇ ನಿಂತೋಗಿತ್ತು."

ಹೊಗೆಸೊಪ್ಪು ಬೆಳೆಯದವರಿಗೆ ಇದನ್ನು ಬಿಡಿಸಿ ಹೇಳಬೇಕು. ಹಸಿ ಸೊಪ್ಪನ್ನು ಬ್ಯಾರನ್‌ಗೆ ಏರಿಸಿದ ಮೊದಲ ಒಂದೆರಡು ದಿನ ಸಣ್ಣ ಶಾಖ ಕೊಡುತ್ತಾರೆ. ಎಲೆ ನಿಧಾನವಾಗಿ ಹಳದಿಗೆ ತಿರುಗಬೇಕು. ಆಗ ಅದರೊಳಗಿನ ಪಿಷ್ಟವೂ ಸಕ್ಕರೆಯಾಗುತ್ತಿರುತ್ತದೆ, ಅದನ್ನು ಮಾಡುವುದೂ ಎಲೆಯೊಳಗಿನ ಕಿಣ್ವಗಳೇ. ಆತುರಪಟ್ಟು ಬೆಂಕಿ ಜೋರು ಮಾಡಿದರೆ ಹಸಿರು ಹಾಗೇ ನಿಂತುಬಿಡುತ್ತದೆ, ಆಮೇಲೆ ಏನು ಮಾಡಿದರೂ ಹಳದಿ ಬರುವುದಿಲ್ಲ. ನಲವತ್ತು ವರ್ಷ ಬ್ಯಾರನ್ ಕಿಂಡಿಯಲ್ಲಿ ಕಣ್ಣಿಟ್ಟವಳು ಅವ್ವ. "ಆ ಅಸ್ರು ನೋಡ್ದೇಟ್ಗೆ ನನ್ ನೀಲಿ ಗೆಪ್ತಿ ಬಂತು. ಇದೂ ಬಿಸಿಗೆ ನಿಂತೋಗಿರದು ಅಂತ ತಲೇಲಿ ಒಳೀತು. ಓಡ್ಬಂದು ಬರೀ ಬಿಸ್ನೀರಲ್ಲಿ ಮಾಡ್ದೆ. ನೀಲಿ!" ಎಂದು ಅವ್ವ ಎರಡೂ ಕೈ ಎತ್ತಿದಳು. ಅಪ್ಪ, "ನಾನು ಬೆಂಕಿ ಎತ್ತಿದ್ದು ಒಳ್ಳೇದೇ ಆಯ್ತು ಅನ್ನು" ಎಂದು ಮೀಸೆಯಲ್ಲೇ ನಕ್ಕ.

ನಾನು ಅವ್ವನನ್ನು ತಬ್ಬಿಕೊಂಡೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ದುಃಖಕ್ಕಿಂತ ಹೆಚ್ಚಾಗಿ ರೋಮಾಂಚನವೇ ಇತ್ತು. ಯಾರೂ ಹೇಳಿಕೊಡದೆ, ಒಂದೇ ಒಂದು ವ್ಯತ್ಯಾಸವನ್ನು ಬೇರೆ ಮಾಡಿ ಹಿಡಿದು ಪರೀಕ್ಷಿಸಿದ್ದಳು ನನ್ನವ್ವ! ನಾನು ಮಾಡಬೇಕಿದ್ದ ಕೆಲಸ ಅದು. ಅಷ್ಟೇ ಅಲ್ಲ, ಆರಿದ ಕಷಾಯದ ಆ ನಸು ನೇರಳೆ ಸುಳ್ಳಾಗಿರಲಿಲ್ಲ. ಟೆಸ್ಟ್ ಟ್ಯೂಬುಗಳನ್ನು ಹೊರತೆಗೆದು ಮಧ್ಯಾಹ್ನದವರೆಗೂ ಇಬ್ಬರೂ ಮಾಡಿದ್ದೇ ಮಾಡಿದ್ದು. ಪ್ರತಿ ಸಲವೂ ತಂಗಡಿಯ ಟ್ಯೂಬಿನಲ್ಲಿ ನೀಲಿ ಕಳೆಯುವುದು ನೀರಿನದಕ್ಕಿಂತ ತುಸು ತಡವಾಗುತ್ತಿತ್ತು. ತಂಗಡಿ ಕತ್ತರಿಯನ್ನು ನಿಲ್ಲಿಸುತ್ತಿರಲಿಲ್ಲ, ಸ್ವಲ್ಪ ಮೊಂಡು ಮಾಡುತ್ತಿತ್ತು. ಗಾಜಿನ ಟ್ಯೂಬಿನಲ್ಲಿ ಇಷ್ಟು. ಮನುಷ್ಯರ ಹೊಟ್ಟೆಯಲ್ಲಿ ಎಷ್ಟು ಎಂಬುದು ಆ ಕಲ್ಲಿನ ಮೇಲೆ ಗೊತ್ತಾಗುವ ಸಂಗತಿಯಲ್ಲ. ಅವ್ವನಿಗೆ ಅದನ್ನು ಹೇಳಲು ನಾನು ಮಾತು ಹುಡುಕುತ್ತಿದ್ದೆ. ಅವಳೇ ಟ್ಯೂಬು ತೊಳೆಯುತ್ತಾ, "ಇಷ್ಟ್ರಲ್ಲಿ ನನ್ ಸಕ್ರೆ ಇಳಿಯಾಕಿಲ್ಲ, ಅಲ್ವಾ?" ಎಂದಳು.

"ಇಲ್ಲವ್ವ."

"ಅಂಗಾರೆ ನಾಳೀಕೆ ಡಾಕ್ಟ್ರವ್ವನ ತಾವ್ಕೆ ಓಗವ."

ಮೂರು ತಿಂಗಳು ಇನ್ನೂ ತುಂಬಿರಲಿಲ್ಲ. ಅವಳ ಆತುರ ಯಾಕೆಂದು ಮಾರನೆಯ ದಿನ ಗೊತ್ತಾಯಿತು. ರಕ್ತದ ರಿಪೋರ್ಟು ನೋಡಿದ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಕೇಳಿದರು: "ಅಮ್ಮಾ, ಮಾತ್ರೆ ಸರಿಯಾಗಿ ತಗೊಂಡ್ರಾ?"

ಅವ್ವ ನನ್ನ ಕಡೆ ನೋಡಲಿಲ್ಲ. "ಇಲ್ಲ ಕಣವ್ವ. ಎರಡು ವಾರ ಸಂದೆ ಒತ್ತಿನ ಮಾತ್ರೆ ಬುಟ್ಟಿದ್ದೆ. ತಂಗಡಿನೇ ಸಾಕು ಅನ್ಕೊಂಡೆ. ಓದ್ ಸೋಮ್ವಾರದಿಂದ ತಿರ್ಗಾ ನುಂಗ್ತಾ ಇವ್ನಿ."

"ಸೋಮವಾರ ಏನಾಯ್ತು?"

"ಅವತ್ತು ಬಿಸ್ನೀರು ಪರೀಕ್ಷೆ ಮಾಡ್ದೆ."

ಡಾಕ್ಟರಮ್ಮನಿಗೆ ಏನೂ ಅರ್ಥವಾಗಲಿಲ್ಲ. ಅವ್ವ ಉತ್ಸಾಹದಿಂದ ಇಡೀ ಕಥೆ ಹೇಳಿದಳು, ಎಂಜಲು, ಗಂಜಿ, ಬ್ಯಾರನ್ ಎಲ್ಲ. ಹೊರಗೆ ಜನ ಕಾಯುತ್ತಿದ್ದರೂ ಡಾಕ್ಟರಮ್ಮ ಗಲ್ಲಕ್ಕೆ ಕೈಕೊಟ್ಟು ಕೇಳಿದರು. ಆಮೇಲೆ ಮಾತ್ರೆ ಬಿಟ್ಟದ್ದಕ್ಕೆ ಚೆನ್ನಾಗಿ ಬೈದರು. ಬೈಗುಳ ಸೇರಬೇಕಾದದ್ದು ನನಗೆ. "ಗೆದ್ದುಬಿಡ್ತು" ಎಂದು ಕಾರಿಡಾರಿನಲ್ಲಿ ನಿಂತು ಕೂಗಿದವಳು ನಾನು, ಮಾತ್ರೆ ಬಿಡಬೇಡ ಎಂದು ಒಂದು ಮಾತು ಸೇರಿಸಲು ನೆನಪಾಗದಿದ್ದವಳೂ ನಾನು. ಇನ್ಸುಲಿನ್ ಅವತ್ತೇ ಬರೆದರು. ನರ್ಸಮ್ಮ ಬಾಟಲಿ ತೋರಿಸಿ ಫ್ರಿಜ್ಜಿನಲ್ಲಿಡಬೇಕು ಎಂದು ಶುರುಮಾಡುವಷ್ಟರಲ್ಲೇ ಅವ್ವ, "ಬಿಸಿ ತಾಕುದ್ರೆ ಇದೂ ಕೆಟ್ಟೋಯ್ತದೆ, ಅಲ್ವಾ?" ಎಂದಳು. ನರ್ಸಮ್ಮ ಹೌದೆಂದು ತಲೆ ಅಲ್ಲಾಡಿಸಿದರು. ಅವ್ವ ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಗಲ್ಲ ಎತ್ತಿದಳು.

ಸಂಜೆ ಊಟಕ್ಕೆ ಮುಂಚೆ ಮೊದಲ ಸೂಜಿ. ನಾನು ಚುಚ್ಚುತ್ತೇನೆ ಎಂದು ಹಿಡಿದುಕೊಂಡೆ. ಅವ್ವ ಕಿತ್ತುಕೊಂಡು, ನಡುಮನೆಯಲ್ಲೇ ಕೂತು, ಸೀರೆ ಸರಿಸಿ ಹೊಟ್ಟೆಯ ಚರ್ಮ ಎರಡು ಬೆರಳಲ್ಲಿ ಹಿಡಿದಳು. ಆಗ ಡಾಕ್ಟರಮ್ಮನ ಎದುರು ಅವಳು ಹೇಳಿದ ಸೋಮವಾರ ಎಂಬ ಮಾತು ನನ್ನ ತಲೆಯಲ್ಲಿ ಚುಚ್ಚಿತು.

"ಅವ್ವ, ಸೋಮವಾರವೇ ಗೊತ್ತಾಗಿತ್ತಲ್ಲ. ನಂಗೆ ಭಾನುವಾರದವರೆಗೆ ಯಾಕೆ ಹೇಳಲಿಲ್ಲ?"

ಅವಳು ಸೂಜಿ ಒಳಗೆ ಬಿಟ್ಟು, ನರ್ಸಮ್ಮ ಹೇಳಿಕೊಟ್ಟಂತೆ ಹತ್ತು ಎಣಿಸಿ, ಹೊರತೆಗೆದು ಮುಚ್ಚಳ ಹಾಕಿದಳು. ಆಮೇಲೆ ಹೇಳಿದಳು: "ಯೋಳ್ಬೇಕು ಅಂತ್ಲೇ ದಿನಾ ಫೋನ್ ಎತ್ತುತಿದ್ದೆ. ನೀನು ನಗ್ತಿದ್ದೆ. ಎಷ್ಟು ವರ್ಸ ಆಗಿತ್ತೋ ನಿನ್ನ ಆ ನಗು ಕೇಳಿ. ನಂಗೆ ಸೂಜಿ ಎಂಗಿದ್ರೂ ತಪ್ಪಾಕಿಲ್ಲ ಅಂತ ಗೊತ್ತಾಗೋಗಿತ್ತು. ನೀನಾದ್ರೂ ಒಸಿ ದಿನ ನಗ್ಲಿ ಅಂತ ಬುಟ್ಟೆ."

ಹೇಳಿ ಅವಳು ಮುದ್ದೆ ಕಟ್ಟಲು ಎದ್ದು ಹೋದಳು. ನಾನು ಅಲ್ಲೇ ಕೂತು ಆ ವಾರವನ್ನು ಮನಸ್ಸಿನಲ್ಲಿ ತಿರುವಿ ಹಾಕಿದೆ. ಸೋಮವಾರದಿಂದ ಶನಿವಾರದವರೆಗೆ ಒಂದು ಸಂಜೆಯೂ ತಪ್ಪದೆ ಫೋನು ಮಾಡಿದ್ದೆ. ಅರ್ಜಿಯಲ್ಲಿ ಬರೆಯಬೇಕು, ಆ ನೀಲಿ ಹೇಗಿತ್ತು ಇನ್ನೊಂದು ಸಲ ಹೇಳವ್ವ ಎಂದು ಪ್ರತಿ ಸಂಜೆಯೂ ಕೇಳಿದ್ದೆ. ಪ್ರತಿ ಸಂಜೆಯೂ ಅವಳು ಹೇಳಿದ್ದಳು.